ಬೀಟಲ್‌ನ ಹಳೆ ಸೀಟ್ ಬೆಲ್ಟ್: ಯಾವುದು ಉಳಿಯಬೇಕು, ಯಾವುದು ಹೋಗಬೇಕು

ಎಪ್ಪತ್ತರ ದಶಕದ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಬಕಲ್ ಉಳಿಸಿಕೊಳ್ಳಬಹುದು, ಪಟ್ಟಿಯನ್ನು ಹೆಚ್ಚಿನ ಸಲ ಅಲ್ಲ. ಬಿಸಿಲಿಗೆ ನೂಲು ಒಳಗೊಳಗೇ ಸತ್ತಿರುತ್ತದೆ. ಬಣ್ಣ ಮಾಸಿದ್ದರೆ, ಅಂಚು ಎಳೆಬಿಟ್ಟಿದ್ದರೆ, ಮಡಚಿದಾಗ ಗಡುಸಾಗಿದ್ದರೆ ಅಥವಾ ಗಾಡಿ ಒಮ್ಮೆ ಗುದ್ದಿದ್ದರೆ ಪಟ್ಟಿಯ ಕಥೆ ಮುಗಿಯಿತು. ಡೈ, ಬ್ಲೀಚ್ ಹಾಕಿ ಹೊಸದರಂತೆ ಮಾಡುವವರಿದ್ದಾರೆ. ಎರಡೂ ನೂಲನ್ನು ಇನ್ನಷ್ಟು ಕೊಲ್ಲುತ್ತವೆ. ಕೊಳೆ ಮಾತ್ರ ಇದ್ದರೆ ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು ಸಾಕು. ನೆರಳಲ್ಲಿ ಒಣಗಿಸಿ.

ಹೊಸ ಪಟ್ಟಿಯನ್ನು ಸೀಟ್ ಹೊಲಿಯುವವರ ಕೈಗೆ ಕೊಡಬೇಡಿ. ಬೆಲ್ಟ್ ಕೆಲಸವನ್ನೇ ಮಾಡುವವರು ಹಳೆ ಬಕಲ್‌ಗೆ ಹೊಸ ಪಟ್ಟಿ ಕೂಡಿಸಿಕೊಡುತ್ತಾರೆ.

ಹೆಚ್ಚು ಎಡವಟ್ಟಾಗುವುದು ಬೋಲ್ಟ್‌ನಲ್ಲಿ. ಬೀಟಲ್‌ನಲ್ಲಿ ಬೆಲ್ಟ್ ಬೋಲ್ಟ್‌ನ ಮರೆ (ತಿರುಪಿನ ಸುರುಳಿ ಗೀರು, ಥ್ರೆಡ್) ಮೆಟ್ರಿಕ್ ಅಲ್ಲ, 7/16 ಇಂಚು, ಇಂಚಿಗೆ 20 ಸುತ್ತಿನ ಯುಎನ್ಎಫ್ ಎಂಬ ಇಂಚು ಅಳತೆಯದು. ಮೆಟ್ರಿಕ್ ಬೋಲ್ಟ್‌ಗಳಲ್ಲಿ ಎಂ10 ಸಡಿಲವಾಗಿ ಜಾರುತ್ತದೆ, ಎಂ12 ಒಳಗೇ ಹೋಗದು. ಅದೇ ಅಳತೆಯ ಟ್ಯಾಪ್ (ಮರೆ ಕೊರೆಯುವ ಉಪಕರಣ) ಓಡಿಸಿ ಮರೆ ಸ್ವಚ್ಛ ಮಾಡಿ, ಬೆಲ್ಟ್‌ಗೆಂದೇ ಮಾಡಿದ ಭುಜವಿರುವ (ತಲೆಯ ಕೆಳಗೆ ಮರೆಯಿಲ್ಲದ ನುಣುಪು ಭಾಗವಿರುವ) ಬೋಲ್ಟ್ ಹಾಕಿ. ಬಿಗಿದ ಮೇಲೂ ಪಟ್ಟಿಯ ತುದಿಯ ಬ್ರಾಕೆಟ್ ತಿರುಗಬೇಕು. ತಿರುಗದಿದ್ದರೆ ವಾಷರ್ ಜೋಡಣೆ ತಪ್ಪಿದೆ, ಪಟ್ಟಿ ಮುರುಚಿಕೊಂಡು ಒಂದೇ ಅಂಚಿನ ಮೇಲೆ ಭಾರ ಬೀಳುತ್ತದೆ.

ಬಾಗಿಲ ಕೆಳಗಿನ ಹೀಟರ್ ಚಾನಲ್ (ಬಿಸಿಗಾಳಿ ಸಾಗುವ ಪೊಳ್ಳು ತಗಡಿನ ಭಾಗ) ತುಕ್ಕು ಹಿಡಿಯುವುದು ಬೀಟಲ್‌ನ ಹುಟ್ಟುಗುಣ. ಬೆಲ್ಟ್ ಬೋಲ್ಟ್ ಕೂರುವ ಜಾಗದ ಹತ್ತಿರದ ತಗಡನ್ನು ಸ್ಕ್ರೂಡ್ರೈವರ್‌ನಿಂದ ಕುಟ್ಟಿ ನೋಡಿ. ಮೆತ್ತಗಿದ್ದರೆ ಮೊದಲು ವೆಲ್ಡಿಂಗ್, ಆಮೇಲೆ ಬೆಲ್ಟ್.

ತಾನೇ ಸುತ್ತಿಕೊಳ್ಳುವ ರೀಲ್ ಹಾಕುವುದಾದರೆ ತಯಾರಕರು ಹೇಳಿದ ಕೋನದಲ್ಲೇ ಕೂರಿಸಿ. ಓರೆಯಾದರೆ ಒಳಗಿನ ಗುಂಡು ಅಥವಾ ಲೋಲಕ ಜಾರಿ, ಪಟ್ಟಿ ಎಳೆದಾಗಲೆಲ್ಲ ಲಾಕ್ ಆಗುತ್ತದೆ.