ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ದಾರ ಹಿಡಿದು ಅಳೆದ ದೂರ

ಮಗಳು ಸ್ಯಾನ್ ಫ್ರಾನ್ಸಿಸ್ಕೊ ಸೇರಿದ ಮೇಲೆ ಗೋಡೆಗೆ ತೂಗುಹಾಕಿದ ಭೂಪಟದ ಮೇಲಿನ ನನ್ನ ನಂಬಿಕೆ ಸಡಿಲವಾಯಿತು. ಅದರಲ್ಲಿ ಗೆರೆ ಎಳೆದರೆ ವಿಮಾನವು ಮಹಾಸಾಗರವೊಂದನ್ನು ಅಡ್ಡಲಾಗಿ ದಾಟಲೇಬೇಕೆಂದು ತೋರುತ್ತದೆ. ಆದರೆ ಭೂಗೋಳದ ಮೇಲೆ ಹೊಲಿಗೆ ದಾರದ ಒಂದು ತುದಿಯನ್ನು ಬೆಂಗಳೂರಿಗೆ ಒತ್ತಿ ಹಿಡಿದು ಇನ್ನೊಂದನ್ನು ಬಿಗಿಯಾಗಿ ಎಳೆದರೆ, ಅದು ತಾನಾಗಿಯೇ ಮೇಲಕ್ಕೆ ಜಾರಿ ಉತ್ತರ ಧ್ರುವದ ಸಮೀಪದಲ್ಲಿ ನಿಲ್ಲುತ್ತದೆ. ಎರಡೂ ಊರುಗಳ ರೇಖಾಂಶಗಳು ಹೆಚ್ಚುಕಡಿಮೆ ಎದುರುಬದುರಾಗಿರುವುದೇ ಇದಕ್ಕೆ ಕಾರಣ. ಹಾಗೆ ಅಳೆದ ದೂರ ಸುಮಾರು 14,000 ಕಿಲೋಮೀಟರ್.

2021ರ ಜನವರಿ 9ರ ರಾತ್ರಿ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಮಹಿಳಾ ಪೈಲಟ್‌ಗಳ ತಂಡ ಅಲ್ಲಿಂದ ಎಲ್ಲಿಯೂ ಇಳಿಸದೆ ಧ್ರುವ ಪ್ರದೇಶದ ಮೇಲಿನಿಂದಲೇ ಬೆಂಗಳೂರಿಗೆ ತಂದಿತು. ಪ್ರಯಾಣಕ್ಕೆ ಹಿಡಿದದ್ದು ಸುಮಾರು 17 ಗಂಟೆ. ಇಲ್ಲಿ ಇಳಿದಾಗ ಮಾತ್ರ 11ನೆಯ ತಾರೀಖಿನ ನಸುಕು! ಚಳಿಗಾಲದಲ್ಲಿ ನಮ್ಮ ಗಡಿಯಾರ ಅವರದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುವುದರಿಂದ, ಪ್ರಯಾಣಿಕರ ಪಾಲಿನ 10ನೆಯ ತಾರೀಖು ಬಹುಮಟ್ಟಿಗೆ ಆಕಾಶದಲ್ಲಿಯೇ ಕರಗಿಹೋಯಿತು.

ಅತ್ತ ಹೋಗುವಾಗ ಪೂರ್ವಕ್ಕೆ ತಿರುಗಿ ಪೆಸಿಫಿಕ್ ಮೇಲೆ ಹಾರಿದರೆ ದಾರಿ ತುಸು ಉದ್ದವಾದರೂ, ಪಶ್ಚಿಮದಿಂದ ಬೀಸುವ ಎತ್ತರದ ಗಾಳಿ ಬೆನ್ನಿಗಿರುವುದರಿಂದ ಸಮಯ ಉಳಿಯಬಹುದು. ಆದ್ದರಿಂದ ಟಿಕೆಟ್ ಕಾಯ್ದಿರಿಸುವಾಗ ನಾನು ಕಿಲೋಮೀಟರ್‌ಗಳನ್ನು ನೋಡುವುದನ್ನು ಬಿಟ್ಟು ಗಂಟೆಗಳನ್ನಷ್ಟೇ ಎಣಿಸುತ್ತೇನೆ.