ಗುರುತು ಬಾಲದಲ್ಲಿದ್ದರೆ

ಆಗಸ್ಟ್ 3, 2025, ಭಾನುವಾರ
ವಿರಾಜಪೇಟೆ

“ಪ್ರೋಟೀನ್ ಪೂರ್ತಿ ತಯಾರಾಗುವ ಮೊದಲೇ ಅದು ಎಲ್ಲಿಗೆ ಸೇರಬೇಕೆಂಬುದು ತೀರ್ಮಾನವಾಗಿರುತ್ತದೆ ಎಂದು ಪಿಯುಸಿಯಲ್ಲಿ ನೀವೇ ಹೇಳಿಕೊಟ್ಟಿರಿ ಮೇಡಂ. ಆ ವಿಳಾಸದ ಗುರುತು ಸರಪಳಿಯ ತಲೆಯಲ್ಲಿರದೆ ಬಾಲದಲ್ಲಿದ್ದರೆ ಏನು ಗತಿ?”

ಮೇಲಿನ ತೋಟದ ಕಿರಿಯವಳು. ಇಂದು ನಮ್ಮ ಕೊಡಗಿನ ಕಕ್ಕಡ ತಿಂಗಳ 18ನೇ ದಿನ, ಮದ್ದು ಸೊಪ್ಪಿನ ಪಾಯಸ ತಿನ್ನುವ ದಿನ ಅಲ್ಲವೇ, ಅವಳ ಅಮ್ಮ ಮದ್ದು ಪಾಯಸ ಕಳಿಸಿದ್ದರು. ಪಾತ್ರೆ ಕೊಟ್ಟು ಓಡಿಬಿಡುವವಳು ಈ ಸಲ ಕೊಡೆಯನ್ನು ಜಗಲಿಯಲ್ಲಿ ಬಿಟ್ಟು ಒಳಗೆ ಬಂದು ಕುಳಿತಳು. ಮುಂದಿನ ವಾರ ಮಂಗಳೂರಿನಲ್ಲಿ ಅವಳ ಎಂ.ಎಸ್ಸಿ. ಸೆಮಿನಾರ್. ಕರೆಂಟ್ ಮಧ್ಯಾಹ್ನವೇ ಹೋಗಿತ್ತು.

ಪ್ರಶ್ನೆ ಕೇಳಿ ಎಷ್ಟು ಖುಷಿಯಾಯಿತೆಂದರೆ ಒಲೆಯ ಮೇಲಿನ ಹಾಲನ್ನೂ ಮರೆತೆ. ತರಗತಿಯಲ್ಲಿ ನಾವು ಹೇಳುವುದು ತಲೆಯ ಕಥೆಯನ್ನು ಮಾತ್ರ. ಪ್ರೋಟೀನ್ ತಯಾರಿಸುವ ರೈಬೋಸೋಮ್‌ನಿಂದ ಹೊರಬರುವ ಸರಪಳಿಯ ಮೊದಲ ತುದಿಯಲ್ಲಿ ಸಾಮಾನ್ಯವಾಗಿ 15ರಿಂದ 30 ಅಮೈನೋ ಆಮ್ಲಗಳ, ನೀರನ್ನು ಒಲ್ಲದ ಒಂದು ತುಣುಕು ಇರುತ್ತದೆ. ಅದೇ ಗುರುತು. ಆರು ಪ್ರೋಟೀನ್ ಮತ್ತು ಒಂದು ಆರ್‌ಎನ್‌ಎ ಸೇರಿ ಆದ ಎಸ್‌ಆರ್‌ಪಿ ಎಂಬ ಕಣ ಅದನ್ನು ಹಿಡಿದುಕೊಂಡು, ತಯಾರಿಕೆಯನ್ನು ನಿಧಾನಗೊಳಿಸಿ, ರೈಬೋಸೋಮನ್ನೇ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ, ಕೋಶದೊಳಗಿನ ಜಾಲದ ಪೊರೆಗೆ ಒಯ್ಯುತ್ತದೆ. ಅಲ್ಲಿ ಸೆಕ್61 ಎಂಬ ಕಾಲುವೆ. ಮಿಕ್ಕ ಸರಪಳಿ ತಯಾರಾಗುತ್ತಲೇ ಅದರೊಳಗೆ ಇಳಿಯುತ್ತದೆ. ಪೊರೆಯಲ್ಲೇ ಉಳಿಯಬೇಕಾದ ಭಾಗಗಳು ಕಾಲುವೆಯ ಪಕ್ಕದಿಂದ ಪೊರೆಯೊಳಕ್ಕೆ ಜಾರಿಕೊಳ್ಳುತ್ತವೆ.

ಬಾಲದ ತೊಂದರೆ ಬೇರೆ. ರೈಬೋಸೋಮ್‌ನ ಒಳಸುರಂಗದಲ್ಲಿ ಯಾವಾಗಲೂ ಸುಮಾರು 30–40 ಅಮೈನೋ ಆಮ್ಲಗಳು ಅಡಗಿರುತ್ತವೆ. ಗುರುತು ಕೊನೆಯಲ್ಲಿದ್ದರೆ ಅದು ಹೊರಗೆ ಮುಖ ತೋರಿಸುವ ಹೊತ್ತಿಗೆ ಪ್ರೋಟೀನ್ ಮುಗಿದು ರೈಬೋಸೋಮಿನಿಂದ ಕಳಚಿಕೊಂಡೇ ಬಿಟ್ಟಿರುತ್ತದೆ. ಎಸ್‌ಆರ್‌ಪಿಗೆ ಹಿಡಿಯಲು ಅವಕಾಶವೇ ಇಲ್ಲ.

“ಹಾಗೇ ಬಿಟ್ಟರೆ?” ಎಂದಳು. ದೀಪವನ್ನು ಹತ್ತಿರಕ್ಕೆ ಎಳೆದು ಬಟ್ಟಲು ತೋರಿಸಿದೆ. ಕಡು ನೇರಳೆ ಪಾಯಸದ ಮೇಲೆ ಬಿಡಿಬಿಡಿಯಾಗಿದ್ದ ತುಪ್ಪದ ಹನಿಗಳು ಒಂದನ್ನೊಂದು ಮುಟ್ಟಿದೊಡನೆ ಸೇರಿ ದೊಡ್ಡದಾಗುತ್ತಿದ್ದವು. ಜೀವದ್ರವದ ನೀರಿನಲ್ಲಿ ಆ ಬಾಲಗಳೂ ಹೀಗೇ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ, ಕೆಲಸಕ್ಕೆ ಬಾರದಂತಾಗುತ್ತವೆ. ಹಾಗಾಗದಂತೆ ಕಾಯುವ ಪ್ರೋಟೀನ್‌ಗಳಿವೆ. ಮನುಷ್ಯರಲ್ಲಿ ಎಸ್‌ಜಿಟಿಎ ಎಂಬುದು ಬಾಲವನ್ನು ಮೊದಲು ಹಿಡಿದು ಟಿಆರ್‌ಸಿ40 ಎಂಬ ಇನ್ನೊಂದು ಪ್ರೋಟೀನಿಗೆ ದಾಟಿಸುತ್ತದೆ. ಅದು ಎಣ್ಣೆಯಂಶದ ಬಾಲವನ್ನು ತನ್ನ ತೋಡಿನಲ್ಲಿ ಮುಚ್ಚಿಟ್ಟುಕೊಂಡು ಪೊರೆಯವರೆಗೆ ಕರೆದೊಯ್ಯುತ್ತದೆ. ಇದು ಗೊತ್ತಾದದ್ದು 2007ರಲ್ಲಿ. ಯೀಸ್ಟ್‌ನಲ್ಲಿ ಇದೇ ದಾರಿಗೆ ಗೆಟ್ ಎಂಬ ಹೆಸರು. ನರಕೋಶ ತನ್ನ ಸಂದೇಶವನ್ನು ಹೊರಚೆಲ್ಲಲು ಬೇಕಾದ ಸಿನಾಪ್ಟೋಬ್ರೆವಿನ್ ಕೂಡ ಬಾಲದಿಂದಲೇ ಪೊರೆಗೆ ನಾಟಿಕೊಂಡಿರುವಂಥದ್ದು. ನಾವು ಆಡುತ್ತಿದ್ದ ಒಂದೊಂದು ಮಾತಿನ ಹಿಂದೆಯೂ ಅದರ ಕೆಲಸವಿತ್ತು.

ಅವಳು ಬರೆದುಕೊಳ್ಳುತ್ತಿದ್ದವಳು ಪೆನ್ನು ಕೆಳಗಿಟ್ಟಳು. “ಇದರಿಂದ ಏನು ಉಪಯೋಗ, ಬಿ.ಎಡ್. ಮಾಡಿಕೊಂಡು ಊರಲ್ಲೇ ಇರು ಎನ್ನುತ್ತಾರೆ ಅಪ್ಪ.”

ನನಗೆ ಸಿಟ್ಟೇ ಬಂತು. ಅವರ ಮನೆಯ ಫ್ರಿಜ್‌ನಲ್ಲಿ ಅಜ್ಜಿಯ ಇನ್ಸುಲಿನ್ ಇದೆ. ನಮ್ಮ ದೇಹದಲ್ಲಿ ಇನ್ಸುಲಿನ್ ಮೊದಲು 110 ಅಮೈನೋ ಆಮ್ಲಗಳ ಸರಪಳಿಯಾಗಿ ಹುಟ್ಟುತ್ತದೆ. ತಲೆಯ ಕಡೆಯ 24 ಬರೀ ದಾರಿಯ ಗುರುತು, ಪೊರೆ ದಾಟಿದ ಮೇಲೆ ಕತ್ತರಿಸಿಹೋಗುತ್ತವೆ. ಆ 24ರಲ್ಲಿ ಒಂದು ಬದಲಾದರೂ ಸಾಕು, ಕೆಲವು ಮಕ್ಕಳಿಗೆ ಹುಟ್ಟಿದ ಕೆಲವೇ ತಿಂಗಳಲ್ಲಿ ಸಕ್ಕರೆ ಕಾಯಿಲೆ. ಅಪ್ಪನಿಗೆ ಇದನ್ನು ಹೇಳು ಎಂದೆ. ಈ ಗುರುತನ್ನು ತೋರಿಸಿಕೊಟ್ಟ ವಿಜ್ಞಾನಿ ಬ್ಲೋಬೆಲ್ ಅವರ ಬಗ್ಗೆಯೂ ಹೇಳಿದೆ. ಗುಂಟರ್ ಬ್ಲೋಬೆಲ್ ಮತ್ತು ಡೇವಿಡ್ ಸಬಾಟಿನಿ 1971ರಲ್ಲಿ ಈ ಗುರುತಿನ ಮಾತೆತ್ತಿದಾಗ ಅದು ಊಹೆ ಮಾತ್ರ. 1975ರಲ್ಲಿ ಬ್ಲೋಬೆಲ್ ಅವರು ಡಾಬರ್‌ಸ್ಟೈನ್ ಎಂಬವರ ಜೊತೆಗೂಡಿ, ನಾಯಿಯ ಮೇದೋಜೀರಕ ಗ್ರಂಥಿಯಿಂದ ತೆಗೆದ ಪೊರೆಗಳನ್ನು ಬಳಸಿ ಪ್ರಯೋಗದಲ್ಲಿ ತೋರಿಸಿದರು. 1999ರಲ್ಲಿ ನೊಬೆಲ್ ಬಂದಾಗ ಆ ಹಣವನ್ನು ಯುದ್ಧದಲ್ಲಿ ಸುಟ್ಟುಹೋಗಿದ್ದ ಡ್ರೆಸ್ಡೆನ್ ನಗರದ ಚರ್ಚ್ ಮತ್ತು ಯಹೂದಿಗಳ ಪ್ರಾರ್ಥನಾಮಂದಿರ ಕಟ್ಟಲು ಕೊಟ್ಟುಬಿಟ್ಟರು. ಆ ಹುಡುಗಿ ಇದನ್ನೆಲ್ಲ ಬಿಟ್ಟು ಬಂದರೆ ನನಗೆ ಆಗುವ ನೋವು ಅವಳ ಅಪ್ಪನಿಗೆ ಅರ್ಥವಾಗಲಿಕ್ಕಿಲ್ಲ. ಅವರದೂ ತಪ್ಪಲ್ಲ. ಈ ಮಳೆಗೆ ಕೊಳೆರೋಗ ಹತ್ತಿ ಅರೇಬಿಕಾ ಕಾಯಿ ಉದುರುತ್ತಿದೆ, ಆಳುಗಳು ಸಿಗುತ್ತಿಲ್ಲ, ಮನುಷ್ಯ ಒಬ್ಬರೇ ಎಷ್ಟೆಂದು ನೋಡಿಕೊಳ್ಳುತ್ತಾರೆ.

ಅವಳು ಹೋದ ಮೇಲೆ ಊಟಕ್ಕೂ ಮನಸ್ಸು ನಿಲ್ಲಲಿಲ್ಲ. ಸೆಕ್61ರ ಮೂರು ಭಾಗಗಳಲ್ಲಿ ಬೀಟಾ ಎಂಬುದೂ ಬಾಲದಿಂದಲೇ ನಾಟಿಕೊಳ್ಳುವ ಪ್ರೋಟೀನ್. ಆಲ್ಫಾ ಎಂಬ ದೊಡ್ಡ ಭಾಗವಂತೂ ಪೊರೆಯನ್ನು ಹತ್ತು ಸಲ ಹಾದುಹೋಗುತ್ತದೆ, ಅದು ಪೊರೆ ಸೇರಬೇಕಾದರೆ ಅಲ್ಲಿ ಮೊದಲೇ ಇನ್ನೊಂದು ಸೆಕ್61 ಇರಬೇಕು. ಹೊಸ ಕಾಲುವೆಗೆ ಹಳೆಯ ಕಾಲುವೆಯೇ ಬೇಕು, ಹೊಸ ಪೊರೆಗೆ ಹಳೆಯ ಪೊರೆಯೇ ಬೇಕು. ಯಾವ ಕೋಶವೂ ಇವನ್ನು ಶೂನ್ಯದಿಂದ ಕಟ್ಟುವುದಿಲ್ಲ. ವಂಶವಾಹಿಯಲ್ಲಿ ಪ್ರೋಟೀನಿನ ಬರಹವಿದೆ ನಿಜ, ಆದರೆ ಅದನ್ನು ಸೇರಿಸಿಕೊಳ್ಳುವ ಪೊರೆ ತಾಯಿಯ ಅಂಡಾಣುವಿನ ಜೊತೆಗೇ ಬರಬೇಕು. ತಾಯಿಗೆ ಅವಳ ತಾಯಿಯಿಂದ. ಬ್ಯಾಕ್ಟೀರಿಯಾಗಳಲ್ಲೂ ಇದೇ ಕುಲದ ಸೆಕ್‌ವೈ ಇದೆ, ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳಲ್ಲೂ ಇದೆ. ಎಲ್ಲೂ ಕಡಿಯದ ಎಳೆ.

ಹಾಗಾದರೆ ಮೊತ್ತಮೊದಲ ಕಾಲುವೆಯನ್ನು ಪೊರೆಗೆ ಸೇರಿಸಿದ್ದು ಯಾವುದು? ಬಾಲದ ಪ್ರೋಟೀನ್‌ಗಳನ್ನು ಪೊರೆಗೆ ಸೇರಿಸುವ ಗೆಟ್1 ಸೆಕ್‌ವೈಗಿಂತ ಬಹಳ ಸರಳವಾದ ರಚನೆ, ಪೊರೆಗೆ ಪ್ರೋಟೀನ್ ಸೇರಿಸುವ ಬ್ಯಾಕ್ಟೀರಿಯಾದ ವೈಡಿಸಿಗೆ ಸಂಬಂಧಿ. ಆ ಸರಳವಾದದ್ದೇ ಮೊದಲು ಬಂದಿರಬಹುದಲ್ಲವೇ? ಅವಳು ಅಪವಾದವೆಂದು ಕೇಳಿದ ದಾರಿಯೇ ಹಳೆಯದಾಗಿದ್ದರೆ, ನಾವು ಪಾಠವನ್ನು ತಲೆಯಿಂದ ಶುರುಮಾಡುವುದು ಯಾಕೆ? ಬಸ್ ಹತ್ತುವ ಮೊದಲು ಅವಳನ್ನು ಹಿಡಿಯಬೇಕು, ವೈಡಿಸಿಯ ಚಿತ್ರವನ್ನೂ ಗೆಟ್1ರ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ…