ಮೆಕ್ಕೆಜೋಳದ ಲಾಟಿಗೆ ಯಾವ ಸ್ಟೇಟ್ ಮಷಿನ್?

ದಾವಣಗೆರೆ ಎಪಿಎಂಸಿ ಯಾರ್ಡಲ್ಲಿ ಒಂದು ದಲಾಲಿ ಅಂಗಡಿಗೆ ವೆಬ್ ಆಪ್ ಮಾಡ್ತಿದೀವಿ, ಮೆಕ್ಕೆಜೋಳದ ಲಾಟ್ ಬಂದಾಗಿಂದ ರೈತರ ಕೈಗೆ ದುಡ್ಡು ಸೇರೋವರೆಗೂ ಯಾವ ಹಂತದಲ್ಲೈತೆ ಅಂತ ತೋರ್ಸೋದು. ಹಳೇ ಕೋಡಲ್ಲಿ ಟೆಂಡರ್ ಆಯ್ತಾ, ತೂಕ ಆಯ್ತಾ, ಬಿಲ್ ಆಯ್ತಾ, ಲೋಡ್ ಆಯ್ತಾ, ಪೇಮೆಂಟ್ ಆಯ್ತಾ ಅಂತ ಐದು ಬೂಲಿಯನ್ (ಬರೀ ಹೌದು ಇಲ್ಲ ಅನ್ನೋ ಗುರುತು), ಅಂದ್ರೆ 32 ಕಾಂಬಿನೇಷನ್, ಅದ್ರಲ್ಲಿ ಮುಕ್ಕಾಲುಪಾಲು ಯಾರ್ಡಲ್ಲಿ ಆಗೋಕೇ ಸಾಧ್ಯ ಇಲ್ಲ. ಟೆಂಡರೇ ಆಗ್ದಿರೋ ಲಾಟಿಗೆ ಪೇಮೆಂಟ್ ಬಟನ್ ಕಾಣ್ಸಿದ್ರೆ ಅದನ್ನ ಸಣ್ಣ ಬಗ್ ಅನ್ನೋಕಾಗಲ್ಲ, ಅಲ್ಲಿರೋದು ರೈತರ ವರ್ಷದ ದುಡಿಮೆ.

ಒಂದು ಸಲಕ್ಕೆ ಯಾವ ಹಂತ (ಸ್ಟೇಟ್), ಅಲ್ಲಿಂದ ಎಲ್ಲಿಗೆ ಮಾತ್ರ ಹೋಗ್ಬೋದು ಅಂತ ಮೊದ್ಲೇ ಬರ್ದಿಡೋ ಸ್ಟೇಟ್ ಮಷಿನ್ ಬೇಕು ಅನ್ನೋದ್ರಲ್ಲಿ ಜಗಳ ಇರ್ಲಿಲ್ಲ, ಅದಕ್ಕೆ ಯಾವ ಲೈಬ್ರರಿ (ಬೇರೆಯವ್ರು ಬರ್ದಿಟ್ಟಿರೋ ರೆಡಿ ಕೋಡು) ಅನ್ನೋದೇ ಮಾತು. ಜೊತೆಗಿರೋ ಹುಡುಗ ರೋಬಾಟ್ ಅನ್ನೋ ಲೈಬ್ರರಿ ಹಾಕೋಣಣ್ಣ ಅಂದ, 1 ಕೆಬಿ ಆಸುಪಾಸು, ಕಲಿಯೋಕೂ ಸಲೀಸು. ಪೇಜ್ ಕಟ್ಟೋಕೆ ಬಳಸೋ ರಿಯಾಕ್ಟಲ್ಲೇ ಇರೋ, ಸ್ಟೇಟ್ ನೋಡ್ಕೊಳ್ಳೋ ಯೂಸ್‌ರೆಡ್ಯೂಸರ್ರೇ ಸಾಕಾಗಲ್ವಾ ಅಂತನೂ ಯೋಚ್ನೆ ಮಾಡಿದ್ವಿ. ಸಂಜೆ ಅಂಗಡೀಲೇ ಕೂತು ಹಾಳೆ ಮೇಲೆ ಬಾಕ್ಸು ಬಾಣ ಬರ್ದು ಗುಮಾಸ್ತರಿಗೆ ತೋರ್ಸಿದ್ವಿ. ಅವ್ರು ಕನ್ನಡಕ ಏರ್ಸಿ ನೋಡಿ, "ರೇಟ್ ರೈತ ಒಪ್ಲಿಲ್ಲ ಅಂದ್ರೆ ಎಲ್ಲಿಗೆ ಹೋಗ್ತತಪ್ಪಾ ಇದು? ಮತ್ತೆ ಟೆಂಡರಿಗೆ ಬರ್ಬೇಕಲ್ಲ" ಅಂದ್ರು. ಆಮೇಲೆ ಬಿಲ್ಲಿನ ಬಾಕ್ಸ್ ಮೇಲೆ ಬೆರಳಿಟ್ಟು, "ಲಾರಿ ಲೋಡಿಗೂ ದುಡ್ಡಿಗೂ ಹಿಂದೆ ಮುಂದೆ ಅಂತಿಲ್ಲ, ಒಂದ್ಸಲ ಅದು ಮೊದ್ಲು, ಒಂದ್ಸಲ ಇದು" ಅಂದ್ರು.

ಅಲ್ಲಿಗೆ ತೀರ್ಮಾನ ಆಯ್ತು. ಎರಡು ಕೆಲ್ಸ ಒಟ್ಟೊಟ್ಟಿಗೆ ತಮ್ಮ ಪಾಡಿಗೆ ನಡೀಬೇಕು ಅಂದ್ರೆ ಪ್ಯಾರಲಲ್ ಸ್ಟೇಟ್ ಬೇಕು, ರೋಬಾಟಲ್ಲಿ ಅದಿಲ್ಲ, ಎಕ್ಸ್‌ಸ್ಟೇಟ್ ಅನ್ನೋ ಇನ್ನೊಂದು ಲೈಬ್ರರೀಲಿ ಐತೆ. 1987ರಲ್ಲಿ ಡೇವಿಡ್ ಹಾರೆಲ್ ಬರ್ದ ಸ್ಟೇಟ್‌ಚಾರ್ಟ್ ಪೇಪರಿನ ಮೇಲೆ ನಿಂತಿರೋ ಲೈಬ್ರರಿ ಅದು, ಸ್ಟೇಟಿನೊಳಗೆ ಸ್ಟೇಟ್, ಗಾರ್ಡ್ (ಮುಂದಿನ ಹಂತಕ್ಕೆ ಬಿಡೋ ಮುಂಚೆ ನೋಡೋ ಷರತ್ತು) ಎಲ್ಲ ಅಲ್ಲಿಂದನೇ ಬಂದಿರೋದು. ಸೈಜ್ ಜಾಸ್ತಿ, ನಿಜ, ಆದ್ರೆ ಕೋಡಿಂದನೇ ಚಿತ್ರ ಬರುತ್ತಲ್ಲ, ನನಗೆ ಅದೇ ದೊಡ್ದು. ಸ್ಟೇಟುಗಳ ಹೆಸ್ರು ಬರೀ ಸ್ಟ್ರಿಂಗು, ಹಂಗಾಗಿ 'ತೂಕ', 'ಲೋಡಿಂಗ್', 'ಪಾವತಿ' ಅಂತ ಕನ್ನಡದಲ್ಲೇ ಇಟ್ವಿ, ಮುಂದೆ ಏನೇ ಬದ್ಲಾದ್ರೂ ಗುಮಾಸ್ತರೇ ಚಿತ್ರ ಓದಿ ಸರಿನಾ ತಪ್ಪಾ ಹೇಳ್ಬೋದು.

ಒಂದು ಎಚ್ಚರ: ಎಕ್ಸ್‌ಸ್ಟೇಟಿನ ವರ್ಷನ್ 5 ಬಂದಿದ್ದು 2023ರ ಡಿಸೆಂಬರಲ್ಲಿ, ಅದ್ಕಿಂತ ಹಳೇ ಉದಾಹರಣೆ ಕಾಪಿ ಮಾಡಿದ್ರೆ ಸರಿಯಾಗಿ ಓಡ್ದೇ ಇರ್ಬೋದು, ಕೋಡಲ್ಲಿ ಬರೆಯೋ ಹೆಸ್ರುಗಳೇ ಬದ್ಲಾಗ್ಯಾವೆ, 'ಇಂಟರ್‌ಪ್ರೆಟ್' ಹೋಗಿ 'ಕ್ರಿಯೇಟ್ ಆಕ್ಟರ್' ಆಗೈತೆ, 'ಕಾಂಡ್' ಹೋಗಿ 'ಗಾರ್ಡ್'. ಲಾಗಿನ್, ಸರ್ಚ್ ಪೇಜುಗಳಿಗೆ ಯೂಸ್‌ರೆಡ್ಯೂಸರ್ರೇ ಇರ್ಲಿ ಅಂತ ಬಿಟ್ವಿ. ಇನ್ನ ತೇವಾಂಶ ಚೆಕ್ಕು ಒಂದೇ ಸಲನಾ, ಇಲ್ಲ ತೂಕದ ಹೊತ್ನಲ್ಲಿ ಇನ್ನೊಂದ್ಸಲ ನೋಡ್ತಾರಾ ಅಂತ ನಾಳೆ ಗುಮಾಸ್ತರನ್ನೇ ಕೇಳ್ಬೇಕು.